ಗಂಟೆಯಿಲ್ಲದ ಮನೆ

ಬೀದಿಯವರೆಲ್ಲ ಆಕೆಯನ್ನು ಮಗ್ಗದಕ್ಕ ಎಂದು ಕರೆಯುತ್ತಿದ್ದರು. ಬಟ್ಟೆ ಗಿರಣಿಯೊಳಗೆ ಆ ಹೆಸರಿಗೆ ಬೆಲೆಯಿಲ್ಲ, ಅಲ್ಲಿ ಎಲ್ಲರೂ ಮಗ್ಗದವರೇ. ಆದರೆ ಅವರ ಬಾಡಿಗೆ ಮನೆಯಿದ್ದ ಬೀದಿಯಿಂದ ಗಿರಣಿಗೆ ಹೋಗುತ್ತಿದ್ದವಳು ಆಕೆಯೊಬ್ಬಳೇ. ಹದಿನೆಂಟಕ್ಕೆ ಕೆಲಸಕ್ಕೆ ಸೇರಿದವಳು, ಗಿರಣಿ ಬಾಗಿಲು ಮುಚ್ಚುವ ಹೊತ್ತಿಗೆ ನಲವತ್ತೇಳು ದಾಟಿದ್ದಳು. ಅಷ್ಟು ವರ್ಷವೂ ನಾಲ್ಕು ಯಂತ್ರಮಗ್ಗ ಆಕೆಯ ಪಾಲಿಗೆ. ಎಳೆ ಎಲ್ಲಿ ಹರಿಯಲಿದೆ ಎಂಬುದು ಆಕೆಯ ಕಣ್ಣಿಗೆ ಮೊದಲೇ ಗೊತ್ತಾಗುತ್ತಿತ್ತು ಎಂದು ಜೊತೆಯವರು ಹೇಳುತ್ತಾರೆ. ಸ್ವಲ್ಪ ಉಪ್ಪುಖಾರ ಹಚ್ಚಿದ್ದಾರೆ, ಆದರೆ ಪೂರ್ತಿ ಸುಳ್ಳಲ್ಲ.

ಆ ಶೆಡ್ಡಿನಲ್ಲಿ ನೂರಿಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವಳಿಗೆ ಕೇಳದು. ಹಾಗಾಗಿ ಅಲ್ಲಿನ ಹೆಂಗಸರು ದನಿಯನ್ನು ಗೇಟಿನ ಹೊರಗೇ ಬಿಟ್ಟು ಬರುತ್ತಿದ್ದರು. ಒಳಗೆ ಮಾತೆಲ್ಲ ತುಟಿಯಲ್ಲೇ. ಮೂರು ಸಾಲು ಆಚೆ ನಿಂತವಳ ನಾದಿನಿ ನಿನ್ನೆ ಏನಂದಳು, ಇವಳು ಏನು ತಿರುಗಿಸಿ ಕೊಟ್ಟಳು ಎಂಬುದೆಲ್ಲ ಈ ಕಡೆಯವಳಿಗೆ ತುಟಿ ನೋಡಿಯೇ ತಿಳಿಯುತ್ತಿತ್ತು. ಮೇಸ್ತ್ರಿ ನಡುವೆ ಓಡಾಡುತ್ತಿರುವಾಗಲೇ ಅವನ ನಡಿಗೆಯನ್ನು ಆಡಿಕೊಂಡು ನಗುತ್ತಿದ್ದರು, ಅವನಿಗೆ ವಾಸನೆಯೂ ಹತ್ತುತ್ತಿರಲಿಲ್ಲ.

ಮಗ್ಗದಕ್ಕನ ಕಿವಿ ಮಂದವಾಗತೊಡಗಿದ್ದು ನಲವತ್ತರ ಸುಮಾರಿಗೆ. ಮೊದಲು ನಲ್ಲಿ ಸೋರುವ ಸದ್ದು ಹೋಯಿತು. ಆಮೇಲೆ ಫೋನಿನಲ್ಲಿ ಮಾತು ಕಲಸಿಹೋಗತೊಡಗಿತು. ಆಮೇಲೆ ಪಕ್ಕದ ಕೋಣೆಯಿಂದ ಮಗಳು ಕರೆದದ್ದು. ಆಕೆ ಯಾರಿಗೂ ಹೇಳಲಿಲ್ಲ. ಕಿವಿ ಹೋದವರನ್ನು ಮಗ್ಗದಿಂದ ತೆಗೆದು ಬಟ್ಟೆ ಮಡಿಸಲು ಹಾಕುತ್ತಾರೆ ಎಂಬ ಹೆದರಿಕೆ ಮೊದಮೊದಲು ಇತ್ತು. ಬರಬರುತ್ತ ಮುಚ್ಚಿಡುವುದೇ ರೂಢಿಯಾಯಿತು. ಎದುರಿಗಿದ್ದು ಮಾತಾಡಿದರೆ ತುಟಿ ಇದ್ದೇ ಇತ್ತು. ಬೆನ್ನ ಹಿಂದೆ ಅಂದದ್ದಕ್ಕೆ ‘ಹೌದಾ’ ಎಂಬ ಒಂದೇ ಪದವನ್ನು ನಾಲ್ಕು ರಾಗದಲ್ಲಿ ಹೇಳುವುದನ್ನು ಕಲಿತಿದ್ದಳು. ನಾಲ್ವರು ನಕ್ಕರೆ ತಾನೂ ನಗುತ್ತಿದ್ದಳು, ಅರೆಕ್ಷಣ ತಡವಾಗಿ.

ಇದಕ್ಕೆ ಮನೆಯವರು ಅವರವರ ಅರ್ಥ ಕಟ್ಟಿಕೊಂಡಿದ್ದರು. ಗಂಡ ನಗರದ ಬಸ್ಸಿನ ಡ್ರೈವರ್. ಹೆಂಡತಿ ಸುಸ್ತಾಗಿ ಬರುತ್ತಾಳೆ, ಅದಕ್ಕೇ ಮಾತು ಕಡಿಮೆ ಎಂದುಕೊಂಡಿದ್ದ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು, ಅಮ್ಮನಿಗೆ ತನ್ನ ಮೇಲೆ ಏನೋ ಮುನಿಸು ಎಂದುಕೊಂಡು ತಾನೂ ಮಾತು ಕಡಿಮೆ ಮಾಡಿದ್ದಳು. ಅತ್ತೆಗಂತೂ ಸಂಶಯವೇ ಇರಲಿಲ್ಲ: ಸೊಸೆಗೆ ದಿಮಾಕು. “ನಾನು ಹೇಳಿದ್ದನ್ನ ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತಾಳೆ” ಎಂದು ಬಂದವರೆದುರೆಲ್ಲ ಹೇಳುತ್ತಿದ್ದಳು. ಮಾತು ಮೊದಲನೆಯ ಕಿವಿಗೇ ಬೀಳುತ್ತಿರಲಿಲ್ಲ ಎಂಬುದು ಆಕೆಗೆ ಹೇಗೆ ಗೊತ್ತಾಗಬೇಕು.

ಗಿರಣಿ ಮುಚ್ಚಿದ ವರ್ಷವೇ ಬಾಡಿಗೆ ಮನೆಯನ್ನೂ ಬಿಡಬೇಕಾಯಿತು. ಗಂಡನ ಬಸ್ಸಿನ ದಾರಿಯಲ್ಲಿ ಒಂದು ಹಳೆಯ ಎರಡಂತಸ್ತಿನ ಮನೆ ನಾಲ್ಕು ವರ್ಷದಿಂದ ‘ಮಾರಾಟಕ್ಕಿದೆ’ ಎಂಬ ಹಲಗೆ ಹೊತ್ತು ನಿಂತಿತ್ತು. ದಿನಕ್ಕೆ ಎಂಟು ಸಲ ಅದರ ಮುಂದೆ ಬಸ್ಸು ನಿಲ್ಲಿಸುವವನಿಗೆ ಅದರ ಒಂದೊಂದು ಹೆಂಚೂ ಪರಿಚಯ. ನೂರು ವರ್ಷದ ಕಟ್ಟಡ. ಊರಿನ ಹಳೆ ಕಟ್ಟಡಗಳ ಪಟ್ಟಿಯಲ್ಲಿ ಸೇರಿದ್ದರಿಂದ ಒಡೆಯುವಂತಿಲ್ಲ, ಒಂದು ಗೋಡೆ ಸರಿಸಬೇಕಾದರೂ ಕಚೇರಿಯ ಅಪ್ಪಣೆ ಬೇಕು. ಜಾಗ ಬೇಕಾದವರಿಗೆ ಮನೆ ಬೇಡ, ಮನೆ ಬೇಕಾದವರಿಗೆ ಈ ರಗಳೆ ಬೇಡ. ಹಾಗಾಗಿಯೇ ಅದು ಇವರ ಕೈಗೆ ಎಟಕುವಂತಿತ್ತು.

ನೋಡಲು ಹೋದ ದಿನ ಮನೆ ವಿಚಿತ್ರವಾಗಿ ಕಂಡಿತು. ಕೋಣೆ ಕೋಣೆಗಳ ನಡುವಿನ ಗೋಡೆಗಳಲ್ಲಿ ಮುಖದ ಎತ್ತರಕ್ಕೆ ಗಾಜಿನ ಕಿಟಕಿಗಳು. ಅಡುಗೆಮನೆಯಲ್ಲಿ ನಿಂತರೆ ನಡುಮನೆ, ಅದರಾಚೆಯ ಕೋಣೆ, ಅದರಾಚೆ ಬೀದಿಬಾಗಿಲು, ಎಲ್ಲ ಸಾಲಾಗಿ ಕಾಣುತ್ತಿತ್ತು. ಒಳದಾರಿ ತಿರುಗುವಲ್ಲಿ ಗೋಡೆಯ ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಆಳೆತ್ತರದ ಕನ್ನಡಿಯನ್ನು ಗೋಡೆಯೊಳಗೇ ಕೂರಿಸಿದ್ದರು, ಅದು ಮಬ್ಬಾಗಿತ್ತು. ಮೇಲಿನ ದೊಡ್ಡ ಕೋಣೆಗೆ ಹಲಗೆಯ ನೆಲ, ಕಾಲಿಟ್ಟರೆ ಟೊಳ್ಳು.

“ಇದನ್ನ ಕಟ್ಟಿಸಿದೋನಿಗೆ ಯಾರ ಮೇಲೂ ನಂಬಿಕೆ ಇರ್ಲಿಲ್ಲ” ಎಂದಳು ಅತ್ತೆ. “ಯಾರ್ಯಾರು ಏನೇನು ಮಾಡ್ತಾರೆ ಅಂತ ಕೂತಲ್ಲೇ ನೋಡ್ಬೇಕಿತ್ತು.”

ಮಗ್ಗದಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಮುಂದಿನ ಕೋಣೆಯಲ್ಲಿ ಗಂಡ ಮನೆ ದಲ್ಲಾಳಿಯನ್ನು ಛಾವಣಿ ಸೋರುತ್ತದೆಯೇ ಎಂದು ಕೇಳುತ್ತಿದ್ದ. ಎರಡು ಗಾಜಿನಾಚೆ ಅವನ ತುಟಿ ಅಂಗೈಯಷ್ಟು ಸ್ಪಷ್ಟವಾಗಿ ಕಂಡಿತು. ಎಲ್ಲೂ ಸೋರಲ್ಲ ಎಂದ ದಲ್ಲಾಳಿ, ಗಂಡ ಆ ಕಡೆ ತಿರುಗಿದ್ದೇ ತಡ, ಮಾಲೀಕರ ಕಡೆಯವನ ಹತ್ತಿರ ಪಿಸುಗುಟ್ಟಿದ: ಹಿಂದಿನ ಮೂಲೆಗೆ ಇವರನ್ನ ಕರ್ಕೊಂಡು ಹೋಗ್ಬೇಡ. ಮಗ್ಗದಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಹಿಂದಿನ ಮೂಲೆ ಸೋರುತ್ತಂತಲ್ಲ, ಅದನ್ನು ಸರಿಮಾಡಿ ಕೊಡುತ್ತೀರಾ ಎಂದು ಕೇಳಿದಳು. ದಲ್ಲಾಳಿಯ ಮುಖ ಸುಣ್ಣವಾಯಿತು. ಸರಿಮಾಡಿಸಿಕೊಟ್ಟ.

ಗಂಡನಿಗೆ ಆಕೆ ಹೇಳಿದ್ದು ಎರಡೇ ಮಾತು. “ಇದೇ ಆಗ್ಲಿ ರೀ.” ಯಾಕೆ ಎಂದು ಅವನು ಕೇಳಿದ್ದಕ್ಕೆ ಬೆಳಕು ಚೆನ್ನಾಗಿದೆ ಎಂದಳು. ಆಕೆಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಬಂದು ಇಳಿದ ವಾರದಲ್ಲೇ ಅತ್ತೆಯ ದೂರು ಶುರುವಾಯಿತು. ತಾನು ಮಲಗಿದ್ದು ಅಡುಗೆಮನೆಗೆ ಕಾಣುತ್ತದೆ, ಸೀರೆ ಉಡುವುದು ನಡುಮನೆಗೆ ಕಾಣುತ್ತದೆ, ಇದೇನು ಮನೆಯೋ ಬಳೆ ಅಂಗಡಿಯೋ. ಮಗಳಿಗೂ ಮುಜುಗರವೇ. ಆದರೆ ಅವಳು ಇನ್ನೊಂದನ್ನೂ ಗಮನಿಸಿದಳು: ಈ ಮನೆಗೆ ಬಂದ ಮೇಲೆ ಅಮ್ಮನ ಮುನಿಸು ಇಳಿದಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಏನಾದರೂ ಅಂದರೆ ಒಲೆಯ ಮುಂದಿನಿಂದ ಸರಿಯಾದ ಉತ್ತರ ಬರುತ್ತಿತ್ತು. ಹಳೆ ಮನೆಯಲ್ಲಿ ಮೂರು ಸಲ ಕರೆದರೂ ತಿರುಗದವಳು ಇಲ್ಲಿ ಕರೆಯುವ ಮೊದಲೇ ನೋಡಿರುತ್ತಿದ್ದಳು.

ಅತ್ತೆಯ ಕಾಟ ತಡೆಯಲಾರದೆ ಗಂಡ ಒಳಕಿಟಕಿಗಳನ್ನು ಇಟ್ಟಿಗೆ ಹಾಕಿ ಮುಚ್ಚಲು ಹಳೆ ಕಟ್ಟಡಗಳ ಕಚೇರಿಗೆ ಅರ್ಜಿ ಕೊಟ್ಟ. ಮಗ್ಗದಕ್ಕ ಬೇಡ ಎಂದಳು. ಕಾರಣ ಕೇಳಿದರೆ ಮತ್ತೆ ಅದೇ ಬೆಳಕಿನ ಮಾತು. ಬೆಳಕಿಗೇನು, ಟ್ಯೂಬ್‌ಲೈಟ್ ಹಾಕಿಸುತ್ತೇನೆ ಎಂದ ಗಂಡ. 

ಅರ್ಜಿ ನೋಡಿಕೊಂಡು ಕಚೇರಿಯಿಂದ ಬಂದದ್ದು ಒಬ್ಬಳು ಇಂಜಿನಿಯರ್. ಮೂವತ್ತರ ಆಸುಪಾಸು, ಹೆಗಲಲ್ಲಿ ಚೀಲ, ಕೈಯಲ್ಲಿ ಟೇಪು. ಅವಳ ಕಡತದಲ್ಲಿ ಈ ಮನೆಯ ಬಗ್ಗೆ ಇದ್ದದ್ದು ಒಂದೇ ಸಾಲು, ಹಳೆಯ ಕಾಗದದ ಗೋದಾಮು ಎಂದು. ಗೋದಾಮಿಗೆ ಯಾಕೆ ಇಷ್ಟು ಕಿಟಕಿ ಎಂದು ಅವಳೇ ಕೇಳಿಕೊಂಡಳು. ಸಣ್ಣ ಬ್ಲೇಡಿನಿಂದ ಗೋಡೆಯನ್ನು ಕೆರೆದಳು. ಐದು ಪದರ ಬಣ್ಣದ ಕೆಳಗೆ ಮಾಸಲು ನೀಲಿ. ಮೂರು ಕೋಣೆಯಲ್ಲಿ ಕೆರೆದಳು, ಮೂರರಲ್ಲೂ ಅದೇ ನೀಲಿ. ಆಮೇಲೆ ಬೀದಿಬಾಗಿಲ ಚೌಕಟ್ಟಿನಲ್ಲಿ ಬಣ್ಣ ಮೆತ್ತಿದ್ದ ಒಂದು ತೂತು ಅವಳ ಕಣ್ಣಿಗೆ ಬಿತ್ತು. ತಂತಿ ತೂರಿಸಿ ನೋಡಿದರೆ ಒಳಗೆ ಸಣ್ಣ ರಾಟೆ. ಅದರ ಜಾಡು ಹಿಡಿದು ಹೋದರೆ ಪ್ರತಿ ಕೋಣೆಯ ಬಾಗಿಲ ಮೇಲೂ ಇನ್ನೊಂದು ರಾಟೆ, ಅದರ ಪಕ್ಕ ಅಂಗೈಯಗಲದ ಒಂದು ಮರದ ತುಂಡು ತಿರುಗಣಿಯ ಮೇಲೆ.

ಯಂತ್ರ ಎಂದರೆ ಗಂಡನಿಗೆ ಊಟ ಬೇಡ. ಆ ಮಧ್ಯಾಹ್ನವೇ ರಾಟೆಗಳಿಗೆ ಎಣ್ಣೆ ಬಿಟ್ಟು, ನೈಲಾನ್ ಹಗ್ಗ ಪೋಣಿಸಿ, ಬಾಗಿಲ ಬಳಿ ನಿಂತು ಎಳೆದ. ಸದ್ದೇನೂ ಆಗಲಿಲ್ಲ. ಒಳಗೆ ಎಲ್ಲ ಕೋಣೆಗಳಲ್ಲೂ ಬಾಗಿಲ ಮೇಲಿನ ಮರದ ತುಂಡು ಮಗುಚಿ, ಕೆಂಪು ಬಣ್ಣದ ಬೆನ್ನು ತೋರಿಸಿ ನಿಂತಿತು.

“ಗಂಟೆ ಕಟ್ಟೋದೇ ಮರ್ತಿದಾರೆ” ಎಂದ ಗಂಡ.

ಇಂಜಿನಿಯರ್ ಸ್ವಲ್ಪ ಹೊತ್ತು ಆ ಕೆಂಪು ತುಂಡನ್ನೇ ನೋಡುತ್ತಿದ್ದಳು. “ಇಲ್ಲ ಸರ್” ಎಂದಳು. “ಅವರಿಗೆ ಗಂಟೆ ಬೇಕಿರ್ಲಿಲ್ಲ ಅನ್ಸುತ್ತೆ.”

ಹತ್ತು ದಿನ ಬಿಟ್ಟು ಅವಳು ದಾಖಲೆಗಳ ಕೋಣೆಯಿಂದ ಜೆರಾಕ್ಸ್ ಪ್ರತಿಗಳನ್ನು ಹಿಡಿದುಕೊಂಡು ಬಂದಳು. ಮನೆಯನ್ನು ಕಟ್ಟಿದವನು ಒಬ್ಬ ಬಡಗಿ. ಅವನ ಇಬ್ಬರು ಮಕ್ಕಳಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಅವರಿಗಾಗಿ ಮನೆಯನ್ನು ಈ ರೀತಿ ಕಟ್ಟಿದ. ನೋಡಿದವರು ತಮ್ಮ ಕಿವುಡ ಮಕ್ಕಳನ್ನು ತಂದು ಬಿಡತೊಡಗಿದರು, ಬಡಗಿಯ ಹೆಂಡತಿ ಅವರಿಗೆ ಓದು ಬರಹ ಕಲಿಸಿದಳು. ಮೂವತ್ತಾರು ವರ್ಷ ಇದು ವಸತಿಶಾಲೆಯಾಗಿತ್ತು. ಬಡಗಿ ತೀರಿಕೊಂಡ ಮೇಲೆ ಮಕ್ಕಳನ್ನು ಬೇರೊಂದು ದೊಡ್ಡ ಶಾಲೆಗೆ ಸಾಗಿಸಿದರು, ಮನೆ ಕಾಗದದ ಗೋದಾಮಾಯಿತು. ಕಿಟಕಿಗಳು, ಓರೆ ಮೂಲೆ, ಕನ್ನಡಿ, ಎಲ್ಲವೂ ಒಬ್ಬರಿಗೊಬ್ಬರು ಕಾಣಲೆಂದು. ನೀಲಿ ಬಣ್ಣ, ಅದರ ಮುಂದೆ ಸನ್ನೆ ಮಾಡುವ ಕೈ ಬೆರಳು ಎದ್ದು ಕಾಣುತ್ತವೆ ಎಂದು. ಇಂಜಿನಿಯರ್ ಇಷ್ಟನ್ನೂ ನಡುಮನೆಯಲ್ಲಿ ನಿಂತು ಉತ್ಸಾಹದಿಂದ ಹೇಳಿದಳು. ಅತ್ತೆಯೂ ಮೂಗಿನ ಮೇಲೆ ಬೆರಳಿಟ್ಟು ಕೇಳಿದಳು.

ಮಗ್ಗದಕ್ಕ ಕೇಳಿ, ಅಂದರೆ ನೋಡಿ, ಟೀ ಮಾಡುವ ನೆಪದಲ್ಲಿ ಒಳಗೆ ಹೋದಳು. ಮನೆಯೇ ತನ್ನ ಗುಟ್ಟು ರಟ್ಟು ಮಾಡಿದ ಹಾಗಾಗಿತ್ತು. ಈ ಮನೆ ನಿನಗೆ ಯಾಕೆ ಹಿಡಿಸಿತು ಎಂದು ಈಗ ಯಾರಾದರೂ ಕೇಳಿದರೆ ಏನೆನ್ನುವುದು. ಯಾರೂ ಕೇಳಲಿಲ್ಲ. ಪಾತ್ರೆಯಲ್ಲಿ ನೀರು ಕುದಿದು ಅರ್ಧವಾಗಿದ್ದು ಆಕೆಗೆ ಆಮೇಲೆ ಗೊತ್ತಾಯಿತು.

ಇಂಜಿನಿಯರ್ ಅಷ್ಟಕ್ಕೇ ಬಿಡಲಿಲ್ಲ. ಆ ಶಾಲೆಯಲ್ಲಿದ್ದವರು ಯಾರಾದರೂ ಬದುಕಿದ್ದಾರೆಯೇ ಎಂದು ಕಿವುಡರ ಸಂಘದಲ್ಲಿ ವಿಚಾರಿಸಿದಳು. ಒಬ್ಬರಿದ್ದರು, ಎಪ್ಪತ್ತಾರರ ಹೆಂಗಸು, ಕಸುಬಿನಿಂದ ಪುಸ್ತಕ ಬೈಂಡ್ ಮಾಡುವವರು. ಮುಂದಿನ ಭಾನುವಾರ ಬರುತ್ತಾರೆ ಎಂದು ಹೇಳಿ ಕಳಿಸಿದಳು.

ಭಾನುವಾರ ಬೆಳಿಗ್ಗೆ ಎಲ್ಲರೂ ನಡುಮನೆಯಲ್ಲಿ ಕುಳಿತಿದ್ದಾಗ ಬಾಗಿಲ ಮೇಲಿನ ತುಂಡು ಮಗುಚಿ ಕೆಂಪಾಯಿತು. ಅದುವರೆಗೆ ಬಂದವರೆಲ್ಲ ಬಾಗಿಲು ತಟ್ಟಿದವರೇ, ಹಗ್ಗ ಎಲ್ಲಿದೆ ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಗಂಡ ಹೋಗಿ ಬಾಗಿಲು ತೆಗೆದ. ಬೆಳ್ಳಗಿನ ಗಿಡ್ಡ ಕೂದಲ, ಬೆರಳ ತುದಿಗಳಲ್ಲಿ ಅಂಟು ಒಣಗಿದ ಮುದುಕಿ ಹಗ್ಗದ ತುದಿ ಹಿಡಿದು ನಿಂತಿದ್ದಳು. ಬರೆದು ತೋರಿಸಲು ಕುತ್ತಿಗೆಯಲ್ಲಿ ಪುಟ್ಟ ಪುಸ್ತಕವೊಂದನ್ನು ನೇತುಹಾಕಿಕೊಂಡಿದ್ದಳು. ಅದರ ಅಗತ್ಯ ಬೀಳಲಿಲ್ಲ. ಆಕೆ ದನಿಯಿಲ್ಲದೆ ತುಟಿ ಆಡಿಸಿದಳು, ಮಗ್ಗದಕ್ಕನಿಗೆ ಓದಿದಂತೆ ತಿಳಿಯಿತು.

“ಕೆಂಪು ಹಲಗೆ ಇನ್ನೂ ತಿರುಗುತ್ತಾ?”

“ತಿರುಗುತ್ತೆ. ಈಗಷ್ಟೇ ಎಲ್ಲಾ ಕೋಣೇಲೂ ತಿರುಗ್ತು” ಎಂದು ಮಗ್ಗದಕ್ಕನೂ ದನಿ ತೆಗೆಯದೆ ಹೇಳಿದಳು. ಗಿರಣಿಯ ಅಭ್ಯಾಸ, ತಾನಾಗಿ ಬಂತು.

ಮುದುಕಿ ಕೋಣೆಯಿಂದ ಕೋಣೆಗೆ ಹೋದಳು. ಒಂದು ಗಾಜಿನಾಚೆ ನಿಂತು ಏನೋ ಅಂದಳು, ಇವಳು ಈಚೆಯಿಂದ ಉತ್ತರ ಕೊಟ್ಟಳು. ಇಬ್ಬರ ನಡುವೆ ಎರಡು ಗೋಡೆ, ಮಾತಿಗೆ ಬಿಡುವಿಲ್ಲ. ಮನೆಯವರು ಮೂವರೂ ಕುಳಿತು ನೋಡಿದರು. ಮದುವೆಯಾದಂದಿನಿಂದ ನನ್ನ ಹೆಂಡತಿ ಇಷ್ಟು ಮಾತಾಡಿದ್ದನ್ನು ನೋಡಿರಲಿಲ್ಲ ಎಂದು ಗಂಡ ಆಮೇಲೆ ಡಿಪೋದಲ್ಲಿ ಹೇಳಿಕೊಂಡನಂತೆ. ಅದರಲ್ಲಿ ಒಂದು ಅಕ್ಷರವೂ ಅವನಿಗೆ ಕೇಳಿರಲಿಲ್ಲ.

ಮೆಟ್ಟಿಲಿನ ಕನ್ನಡಿಯ ಹತ್ತಿರ ಮುದುಕಿ ನಿಂತಳು. “ನಿಂಗೆ ಯಾವಾಗಿಂದ ಕೇಳ್ಸಲ್ಲ?” ಎಂದಳು.

ಮಗ್ಗದಕ್ಕ ಬೆಚ್ಚಿ ಹಿಂದೆ ನೋಡಿದಳು. “ಏಳೆಂಟು ವರ್ಷ ಆಯ್ತು.”

“ಇವರಿಗೆ ಗೊತ್ತಾ?”

“ಗೊತ್ತಿಲ್ಲ.”

ಮುದುಕಿ ಬುದ್ಧಿಮಾತು ಹೇಳಲಿಲ್ಲ. ಮೇಲಿನ ಹಲಗೆ ನೆಲ ನೋಡಬೇಕು ಎಂದಳು. ಹೋಗಿ ನಡುವೆ ನಿಂತು ಹಿಮ್ಮಡಿಯಿಂದ ಎರಡು ಸಲ ಗುದ್ದಿದಳು. ಗೋಡೆಯ ಬಳಿಯಿದ್ದ ಮಗ್ಗದಕ್ಕನ ಅಂಗಾಲಿಗೆ ಅದು ಬಂದು ತಟ್ಟಿತು. ಬಡಗಿಯಪ್ಪ ತಮ್ಮನ್ನು ಊಟಕ್ಕೆ ಕರೆಯುತ್ತಿದ್ದದ್ದು ಹೀಗೆಯೇ ಎಂದಳು ಮುದುಕಿ. ಅವನೂ ಅವನ ಹೆಂಡತಿಯೂ ಕಿವಿ ಇದ್ದವರೇ, ಆದರೆ ಮನೆಯೊಳಗೆ ಕೈಯಲ್ಲೇ ಮಾತಾಡುತ್ತಿದ್ದರು, ಮಕ್ಕಳ ಮುಂದೆ ಗುಟ್ಟಿನ ಮಾತು ಇರಬಾರದು ಎಂದು. ತಾನು ಹನ್ನೆರಡು ವರ್ಷದವಳಿದ್ದಾಗ ಹೊಸ ಶಾಲೆಗೆ ಹೋದದ್ದು. ಅಲ್ಲಿ ಕೈಸನ್ನೆ ಮಾಡಿದರೆ ಪೆಟ್ಟು, ಬಾಯಿಂದಲೇ ಮಾತು ಕಲಿಯಬೇಕೆಂದು ಕೈಗಳನ್ನು ಬೆಂಚಿನ ಕೆಳಗೆ ಕಟ್ಟಿ ಕೂರಿಸುತ್ತಿದ್ದರು. ಇಷ್ಟು ಹೇಳಿ ಆಕೆ ತನ್ನ ಮಣಿಕಟ್ಟುಗಳನ್ನು ಒಂದೊಂದಾಗಿ ಉಜ್ಜಿಕೊಂಡಳು. ಆಮೇಲೆ ಕೆಳಗಿಳಿದು ಟೀ ಕುಡಿದು, ಮುಂದಿನ ಭಾನುವಾರವೂ ಬರಬಹುದೇ ಎಂದು ಪುಸ್ತಕದಲ್ಲಿ ಬರೆದು ಗಂಡನಿಗೆ ತೋರಿಸಿ ಹೋದಳು.

ಆವತ್ತು ಮಧ್ಯಾಹ್ನ ಊಟದ ಮೇಜಿನ ಮುಂದೆ ಮಗ್ಗದಕ್ಕ ಹೇಳಿದಳು. ಪೀಠಿಕೆ ಹಾಕಲಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ, ನಿಮ್ಮ ತುಟಿ ನೋಡಿ ಮಾತಾಡುತ್ತಿದ್ದೇನೆ, ಬಹಳ ವರ್ಷ ಆಯಿತು, ಅಂದಳು.

ಮೊದಲು ಬಾಯಿ ಬಿಟ್ಟವಳು ಮಗಳು. “ಹಾಗಾದ್ರೆ ನಾನು ಪರೀಕ್ಷೆ ಹೋಯ್ತು ಅಂತ ಬಂದು ಅತ್ತಾಗ, ನೀನು ತಿರುಗೂ ನೋಡ್ಲಿಲ್ಲ. ಪಾತ್ರೆ ತೊಳೀತಾನೇ ಇದ್ದೆ.”

“ನೀನು ಯಾವಾಗ ಅತ್ತಿದ್ದೆ, ಮಗಳೇ?” ಎಂದಳು ಮಗ್ಗದಕ್ಕ. ಆಕೆಗೆ ನಿಜಕ್ಕೂ ಗೊತ್ತಿರಲಿಲ್ಲ.

ಮಗಳು ಅರ್ಧ ಊಟಕ್ಕೇ ಎದ್ದು ಕೈ ತೊಳೆಯಲು ಹೋದಳು. ನಲ್ಲಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಗಾಜಿನಾಚೆ ಬೆನ್ನು ಮಾತ್ರ ಕಾಣುತ್ತಿತ್ತು, ಬೆನ್ನಿನಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಕೊನೆಗೆ ಅವಳು ಈ ಕಡೆ ತಿರುಗಿ, ಒದ್ದೆ ಮುಖದಲ್ಲೇ, ದನಿಯಿಲ್ಲದೆ ಒಂದೊಂದೇ ಪದ ಬಿಡಿಸಿ ಕೇಳಿದಳು: ಈಗ ಗೊತ್ತಾಗ್ತಿದ್ಯಾ? ಮಗ್ಗದಕ್ಕ ತಲೆಯಾಡಿಸಿದಳು.

“ನನ್ನ ಹತ್ರನಾದ್ರೂ ಹೇಳ್ಬಹುದಿತ್ತು” ಎಂದ ಗಂಡ, ತಟ್ಟೆ ನೋಡುತ್ತ. ಆಕೆ ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದಳು, ಅವನು ಮತ್ತೆ ಹೇಳಬೇಕಾಯಿತು.

“ಹೇಳಿದ್ರೆ ನೀವು ಜೋರಾಗಿ ಮಾತಾಡೋಕೆ ಶುರು ಮಾಡ್ತಿದ್ರಿ. ಕಿರಿಚಿದ್ರೆ ತುಟಿ ಸೊಟ್ಟಗಾಗುತ್ತೆ, ತಿಳಿಯೋದೂ ತಿಳಿಯಲ್ಲ.”

ಅತ್ತೆ ಬೇರೆಯೇ ಲೆಕ್ಕದಲ್ಲಿದ್ದಳು. “ಹಾಗಾದ್ರೆ ನಾನು ಇಷ್ಟು ವರ್ಷ ಬೈದಿದ್ದು?”

“ಎದುರು ನಿಂತು ಬೈದಿದ್ದೆಲ್ಲ ಗೊತ್ತಾಗಿದೆ ಅತ್ತೆ.”

ಎಷ್ಟು ಬೈಗುಳ ಎದುರಿನದು, ಎಷ್ಟು ಬೆನ್ನ ಹಿಂದಿನದು ಎಂದು ಅತ್ತೆ ಸುಮಾರು ಹೊತ್ತು ನೆನಪು ಮಾಡಿಕೊಂಡಿರಬೇಕು. ಸಂಜೆ ಬಂದು ಸೊಸೆಯ ಪಕ್ಕ ಕುಳಿತು, ಮೊಣಕಾಲು ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡು, ದಿಮಾಕು ಅಂದುಕೊಂಡಿದ್ದೆ ಎಂದಳು. ಅಷ್ಟೇ. ಆಕೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವಂತಿರಲಿಲ್ಲ.

ಗಂಡ ಅರ್ಜಿ ವಾಪಸು ಪಡೆದ. ಅತ್ತೆಯ ಕೋಣೆಯ ಕಿಟಕಿಗೆ ಪರದೆ ಬಂತು. ಮಲಗುವಾಗ ಮತ್ತು ಸೀರೆ ಉಡುವಾಗ ಎಳೆದುಕೊಳ್ಳುವುದು, ಮಿಕ್ಕ ಹೊತ್ತು ತೆರೆದಿಡುವುದು ಎಂದು ಒಪ್ಪಂದವಾಯಿತು. ಮಗಳು ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು. ಕಿವಿಗೆ ಯಂತ್ರ ಹಾಕಿದ ಮೊದಲ ದಿನ ಮಗ್ಗದಕ್ಕನಿಗೆ ಮಗಳ ದನಿ ಕೇಳಿಸಿತು, ತಾನು ನೆನಪಿಟ್ಟುಕೊಂಡಿದ್ದಕ್ಕಿಂತ ದಪ್ಪನೆಯ ದನಿ, ದೊಡ್ಡವಳಾದ ಮೇಲಿನದು. ಅದಕ್ಕೆ ಆಕೆ ಅತ್ತಳು. ಬಸ್ಸಿನ ಹಾರನ್ನೂ ಕೇಳಿಸಿತು, ಅದು ಬೇಡವಾಗಿತ್ತು. ಹೊರಗೆ ಹೋಗುವಾಗ ಯಂತ್ರ ಹಾಕಿಕೊಳ್ಳುತ್ತಾಳೆ, ಮನೆಗೆ ಬಂದರೆ ತೆಗೆದು ಡಬ್ಬಿಯಲ್ಲಿಡುತ್ತಾಳೆ. ಕಿಟಕಿಗಳೇ ಸಾಕು ಎನ್ನುತ್ತಾಳೆ.

ಬೈಂಡಿಂಗ್ ಮುದುಕಿ ಭಾನುವಾರಗಳಂದು ಬಂದು ಎಲ್ಲರಿಗೂ ಕೈಸನ್ನೆ ಕಲಿಸತೊಡಗಿದಳು. ಮಗಳು ಬೇಗ ಕಲಿತಳು, ಅಂಗಡಿಗೆ ಬರುವ ಕಿವುಡರಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಹೇಳುವಷ್ಟು. ಗಂಡನದು ಒರಟು ಕೈ. ಒಂದು ದಿನ ಬಸ್ಸಿಗೆ ಹತ್ತಿದ ಕಿವುಡನೊಬ್ಬನನ್ನು ಎಲ್ಲಿ ಇಳಿಯುತ್ತೀಯ ಎಂದು ಕೇಳಲು ಹೋಗಿ, ಯಾವಾಗ ಬಿದ್ದೆ ಎಂದು ಕೇಳಿದನಂತೆ. ಆ ಮನುಷ್ಯ ಮೈ ಕೈ ತಡವಿಕೊಂಡು, ನಾನು ಬಿದ್ದಿಲ್ಲ ಎಂದು ಸನ್ನೆ ಮಾಡಿದನಂತೆ. ಅತ್ತೆ ಏನನ್ನೂ ಕಲಿಯುವುದಿಲ್ಲ ಎಂದು ಹಟ ಹಿಡಿದಿದ್ದಳು. ಆದರೂ ಟೀಗೆ ಸಕ್ಕರೆ ಸಾಲದು ಎಂಬ ಒಂದು ಸನ್ನೆಯನ್ನು ಮಾತ್ರ ಮೂರನೆಯ ವಾರಕ್ಕೇ ಅಚ್ಚುಕಟ್ಟಾಗಿ ಮಾಡುತ್ತಿದ್ದಳು.

ಆ ವರ್ಷದ ಕೊನೆಗೆ ಮುದುಕಿ ತನ್ನ ಅಂಗಡಿಗೆ ಬರುತ್ತೀಯಾ ಎಂದು ಮಗ್ಗದಕ್ಕನನ್ನು ಕೇಳಿದಳು. ಗ್ರಂಥಾಲಯಗಳ ಹರಿದ ಪುಸ್ತಕಗಳನ್ನು ಬಿಚ್ಚಿ ಮತ್ತೆ ಹೊಲಿಯುವ ಕೆಲಸ. ಕಣ್ಣು ಮಂಜಾಗಿ ತನಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗಿದೆ ಎಂದಳು. ಗಿರಣಿ ಮುಚ್ಚಿದಂದಿನಿಂದ ಕೈ ಖಾಲಿಯಿದ್ದವಳು ಮರುದಿನವೇ ಹೊರಟಳು. ಎರಡು ಮೇಜು, ಒಂದು ಒತ್ತುಯಂತ್ರ, ಗೋಡೆಗೆ ನೇತುಬಿಟ್ಟ ದಾರದ ಲಡಿಗಳು. ಹೊಲಿಯುತ್ತ ದಾರ ಮುಗಿದಾಗ ಮಗ್ಗದಕ್ಕ ಹೊಸ ಎಳೆಯನ್ನು ಸೇರಿಸಿ, ಕಾಳಿನಷ್ಟೂ ದಪ್ಪವಾಗದಂತೆ ಗಿರಣಿಯ ಗಂಟು ಹಾಕಿದಳು. ಇದನ್ನು ನಿಮಗೆ ಕಲಿಸಿಕೊಡುತ್ತೇನೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ತೋರಿಸಿದಳು. ಮುದುಕಿ ತನ್ನ ಮುಂದಿದ್ದ ಪುಸ್ತಕದ ಬೆನ್ನನ್ನು ತಿರುಗಿಸಿ ಹಿಡಿದಳು. ಅಲ್ಲಿದ್ದದ್ದೂ ಅದೇ ಗಂಟು. ಐವತ್ತು ವರ್ಷದಿಂದ ಹಾಕುತ್ತಿದ್ದೇನೆ ಎಂದಳು. ಇಬ್ಬರೂ ಒಂದೇ ಹೊತ್ತಿಗೆ ನಕ್ಕರು, ಆಮೇಲೆ ಇವಳು ಸೂಜಿಗೆ ದಾರ ಪೋಣಿಸಿ ಅವಳಿಗೆ ಕೊಟ್ಟಳು.